ಅಲಾಸ್ಕಾಕ್ಕೆ ಟ್ರೇಲರ್ ಕಟ್ಟುವ ಮುನ್ನ

ನಮಸ್ಕಾರ. ಮಲಗೋಕೆ, ಅಡುಗೆಗೆ ಜಾಗವಿರುವ ಟ್ರೇಲರನ್ನು ಕಾರಿನ ಹಿಂದೆ ಎಳೆದುಕೊಂಡು ಅಲಾಸ್ಕಾಕ್ಕೆ ಹೊರಟಿದ್ದೀವಿ ಅಂತ ಹೇಳಿ ನೋಡಿ, ಎಲ್ಲರೂ ಕರಡಿ ವಿಷಯವೇ ಕೇಳುತ್ತಾರೆ. ಟೈರ್ ಬಗ್ಗೆ ಒಬ್ಬರೂ ಕೇಳೋದಿಲ್ಲ.

ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್‌ವರೆಗೆ ಸುಮಾರು 2,200 ಕಿಲೋಮೀಟರ್ ದಾರಿ, ಅದೇ ಅಲಾಸ್ಕಾ ಹೈವೇ. 1942ರಲ್ಲಿ ಯುದ್ಧದ ಅವಸರದಲ್ಲಿ ಅಮೆರಿಕದ ಸೇನೆ ಕಾಡು ಕಡಿದು ಮಾಡಿದ್ದು. ಈಗ ಡಾಂಬರು ಬಂದಿದೆ. ದುರಸ್ತಿ ನಡೆಯುವ ಕಡೆ ಮಾತ್ರ ಜಲ್ಲಿ.

ಟ್ರೇಲರ್ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ವರ್ಷದಲ್ಲಿ ಹೆಚ್ಚು ದಿನ ಬಿಸಿಲಲ್ಲಿ ಸುಮ್ನೆ ನಿಂತಿರುತ್ತದಲ್ವಾ? ಟೈರಿನ ಪಕ್ಕೆಯ ಮೇಲೆ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಹುಡುಕಿ. 2318 ಅಂತಿದ್ದರೆ 2018ನೇ ಇಸವಿಯ 23ನೇ ವಾರ ತಯಾರಾದದ್ದು. ನೋಡೋಕೆ ಹೊಸದರಂತಿದ್ದರೂ ಅದನ್ನು ನಾನಂತೂ ಉತ್ತರಕ್ಕೆ ಒಯ್ಯುವುದಿಲ್ಲ. ಬೇರಿಂಗಿಗೆ ಗ್ರೀಸ್ ಹಾಕಿಸಿ. ಸ್ಟೆಪ್ನಿ ಇದ್ದರೆ ಸಾಲದು, ನಿಮ್ಮ ಜಾಕ್ ಟ್ರೇಲರನ್ನು ಎತ್ತುತ್ತದೋ ಇಲ್ಲವೋ ಮನೆ ಮುಂದೆಯೇ ನೋಡಿಬಿಡಿ.

ಆಮೇಲೆ ತೂಕ. ಟ್ರೇಲರಿನ ಒಟ್ಟು ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ, ಅದನ್ನು ಗಾಡಿಗೆ ಕಟ್ಟುವ ಕೊಕ್ಕೆಯ ಮೇಲೆ ಕೂರಬೇಕು. 2,500 ಕಿಲೋ ಟ್ರೇಲರಾದರೆ 250ರಿಂದ 375 ಕಿಲೋ. ಕಡಿಮೆಯಾದರೆ ಟ್ರೇಲರ್ ಬಾಲ ಆಡಿಸುತ್ತದೆ. ಜಾಸ್ತಿಯಾದರೆ ಗಾಡಿಯ ಹಿಂಭಾಗ ಕುಸಿದು, ಮುಂದಿನ ಚಕ್ರಕ್ಕೆ ಹಿಡಿತ ತಪ್ಪುತ್ತದೆ. ಅಕ್ಕಿ ಮೂಟೆ, ಕುಕ್ಕರ್, ಉಪ್ಪಿನಕಾಯಿ ಭರಣಿ ಎಲ್ಲ ಹಿಂದಿನ ಮೂಲೆಗೆ ತುಂಬಬೇಡಿ. ಲೋಡ್ ಮಾಡಿದ ಮೇಲೆಯೇ ತೂಗಿಸಿ.

ಭಾರತದ ಪಾಸ್‌ಪೋರ್ಟ್ ಇದ್ದು ಗ್ರೀನ್ ಕಾರ್ಡ್ ಇಲ್ಲದವರು ಕೆನಡಾ ವೀಸಾ ಮೊದಲೇ ಮಾಡಿಸಬೇಕು. ಟ್ರೇಲರ್ ಎಳೆಯುವಾಗ ಪೆಟ್ರೋಲ್ ಬೇಗ ಮುಗಿಯುತ್ತದೆ, ಬಂಕ್‌ಗಳು ದೂರದೂರ. ಅರ್ಧ ಟ್ಯಾಂಕ್ ಆಗುತ್ತಿದ್ದಂತೆ ತುಂಬಿಸಿ. ಫೋನ್ ಸಿಗದ ಜಾಗ ಬಹಳ, ಕಾಗದದ ನಕ್ಷೆ ಇರಲಿ.

ನಿಜವಾದ ಪರೀಕ್ಷೆ ಅಲಾಸ್ಕಾಕ್ಕೆ ತಾಗಿರುವ ಕೆನಡಾದ ಯೂಕಾನ್ ಪ್ರಾಂತದಲ್ಲಿ. ಡಿಸ್ಟ್ರಕ್ಷನ್ ಬೇ ಅನ್ನೋ ಊರು ದಾಟಿ ಬೀವರ್ ಕ್ರೀಕ್ ಊರಿನ ಕಡೆ ಹೋಗುವಾಗ ನೆಲದಡಿ ಸದಾ ಹೆಪ್ಪುಗಟ್ಟಿದ ಮಣ್ಣು. ಅದು ಅಲ್ಲಲ್ಲಿ ಕರಗಿ ಕುಸಿಯುತ್ತದೆ, ಚಳಿಗೆ ಮತ್ತೆ ಉಬ್ಬುತ್ತದೆ. ರಸ್ತೆ ಅಲೆಯಲೆಯಾಗಿ ಏಳುತ್ತದೆ. ಕಾರು ಹೇಗೋ ದಾಟುತ್ತದೆ, ಹಿಂದಿನ ಟ್ರೇಲರ್ ಎಗರಿ ಬೀಳುತ್ತದೆ. ಅಲ್ಲಿ ನಿಧಾನವಾಗಿ ಹೋಗಿ, ಹಿಂದೆ ಬರುವವರು ಅವಸರ ಮಾಡಿದರೆ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಿ. ಬೀವರ್ ಕ್ರೀಕ್‌ನಲ್ಲಿ ಇಳಿದು ಕೊಕ್ಕೆ, ಚಕ್ರದ ನಟ್ಟು ನೋಡಿ. ಫ್ರಿಜ್ ಬಾಗಿಲನ್ನು ಮಾತ್ರ ಮೆಲ್ಲಗೆ ತೆಗೆಯಿರಿ, ಮೊಸರಿನ ಡಬ್ಬಿ ಬಾಗಿಲಿಗೇ ಒರಗಿರುತ್ತದೆ.