ಕೊಲೆಸ್ಟ್ರಾಲ್ ರಿಪೋರ್ಟ್ ಕೈಗೆ ಬಂದಾಗ

ಎಲ್ಲರಿಗೂ ನಮಸ್ಕಾರ. ವಾಕಿಂಗ್ ಮುಗಿಸಿ ಹಂಗೇ ಬಂದು ಕೂತಿದೀರ, ಅದಕ್ಕೆ ಸೀದಾ ವಿಷಯಕ್ಕೆ ಬರ್ತೀನಿ. ನಾನು ಡಾಕ್ಟರ್ ಅಲ್ಲ, ಇಲ್ಲೇ ದಾವಣಗೆರೆಲಿ 26 ವರ್ಷದಿಂದ ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡ್ಕೊಂಡು ಬಂದಿರೋನು. ಬೆಳಿಗ್ಗೆ ಖಾಲಿ ಹೊಟ್ಟೆಲಿ ಬಂದು ತೋಳು ಚಾಚೋರು ಕೇಳೋದು ಒಂದೇ, "ಬೆಣ್ಣೆ ದೋಸೆ ಬಿಟ್ಟೆ, ಮೊಟ್ಟೆನೂ ಬಿಟ್ಟೆ, ಆದ್ರೂ ಕೊಲೆಸ್ಟ್ರಾಲ್ ಯಾಕೆ ಇಳೀತಿಲ್ಲ?"

ಯಾಕಂದ್ರೆ ರಕ್ತದಲ್ಲಿರೋ ಕೊಲೆಸ್ಟ್ರಾಲಲ್ಲಿ ಬಹುಪಾಲು ನಿಮ್ಮ ದೇಹನೇ ತಯಾರು ಮಾಡಿದ್ದು. ಅದಿಲ್ದೆ ಬದುಕೋಕೂ ಆಗಲ್ಲ, ಪ್ರತಿ ಜೀವಕೋಶದ ಪೊರೆಗೆ ಬೇಕು, ಹಾರ್ಮೋನಿಗೆ ಬೇಕು, ಪಿತ್ತರಸಕ್ಕೆ ಬೇಕು. ಅದು ಕೊಬ್ಬಿನ ಜಾತಿ, ನೀರಲ್ಲಿ ಬೆರೆಯಲ್ಲ, ಹಾಗಾಗಿ ಪ್ರೋಟೀನ್ ಸುತ್ತಿದ ಸಣ್ಣ ಸಣ್ಣ ಪೊಟ್ಟಣದಲ್ಲಿ ರಕ್ತದೊಳಗೆ ಓಡಾಡುತ್ತೆ. ಎಲ್‌ಡಿಎಲ್ ಅಂದ್ರೆ ಅಂಥ ಒಂದು ಪೊಟ್ಟಣ. ಇವು ಜಾಸ್ತಿಯಾಗಿ ವರ್ಷಾನುಗಟ್ಲೆ ಸುತ್ತುತ್ತಾ ಇದ್ರೆ ರಕ್ತನಾಳದ ಗೋಡೆಯೊಳಗೆ ನುಗ್ಗಿ ಕೂರ್ತವೆ, ಅಲ್ಲಿ ಗಂಟು ಬೆಳೆಯುತ್ತೆ, ಒಂದಿನ ಆ ಗಂಟು ಒಡೆದು ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿಬಿಟ್ರೆ ಅದೇ ಹಾರ್ಟ್ ಅಟ್ಯಾಕ್.

ಹಾಗಾದ್ರೆ ಇದನ್ನ ರಕ್ತದಿಂದ ತೆಗೆಯೋರು ಯಾರು? ಲಿವರ್ರೇ. ಅದರ ಜೀವಕೋಶದ ಮೇಲೆ ಎಲ್‌ಡಿಎಲ್ ಒಳಗೆ ಎಳ್ಕೊಳ್ಳೋ ಬಾಗಿಲುಗಳಿವೆ, ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅನ್ನೋ ಇಬ್ಬರು ಅಮೆರಿಕದ ವಿಜ್ಞಾನಿಗಳು ಇದನ್ನ ಕಂಡುಹಿಡಿದ್ರು, 1985ರಲ್ಲಿ ನೊಬೆಲ್ ಬಂತು. ಈ ಬಾಗಿಲು ನೆನಪಿಟ್ಕೊಳ್ರಿ, ಊಟ, ಮಾತ್ರೆ, ವಂಶ, ಎಲ್ಲಾ ಇದಕ್ಕೇ ಬಂದು ಸೇರುತ್ತೆ.

ಊಟಕ್ಕೆ ಬರೋಣ. ಶೇಂಗಾ ಎಣ್ಣೆ ಡಬ್ಬಿ ಮೇಲೆ ಕೊಲೆಸ್ಟ್ರಾಲ್ ಫ್ರೀ ಅಂತ ಬರೆದಿರ್ತಾರಲ್ಲ, ಗಿಡದಿಂದ ಬರೋ ಯಾವ ಎಣ್ಣೆಲೂ ಲೆಕ್ಕಕ್ಕೆ ಬರೋಷ್ಟು ಕೊಲೆಸ್ಟ್ರಾಲ್ ಇರಲ್ಲ. ಕೊಬ್ಬರಿ ಎಣ್ಣೆಲೂ ಇಲ್ಲ, ಆದ್ರೆ ಅದರಲ್ಲಿ ಸುಮಾರು 90 ಪರ್ಸೆಂಟ್ ಸ್ಯಾಚುರೇಟೆಡ್ ಕೊಬ್ಬು, ತಾಳೆ ಎಣ್ಣೆಲಿ ಅರ್ಧದಷ್ಟು, ಬೆಣ್ಣೆ ತುಪ್ಪದಲ್ಲೂ ಅರ್ಧಕ್ಕಿಂತ ಜಾಸ್ತಿ, ಈ ಕೊಬ್ಬು ಹೆಚ್ಚಾದಷ್ಟು ಲಿವರ್ರಿನ ಬಾಗಿಲು ಕಡಿಮೆ ಆಗ್ತವೆ. ಮೊಟ್ಟೆಲಿ ಹತ್ತಿರತ್ತಿರ 200 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ ನಿಜ, ಆದ್ರೂ ಬಹಳ ಜನಕ್ಕೆ ಅದರಿಂದ ರಕ್ತದಲ್ಲಿ ಏರೋದು ಸ್ವಲ್ಪನೇ. ಅಮೆರಿಕದೋರು ದಿನಕ್ಕೆ 300 ಮಿಲಿಗ್ರಾಂ ಅಂತ ಇಟ್ಟಿದ್ದ ಮಿತಿನ 2015ರ ಆಹಾರ ಸೂಚಿಲಿ ಕೈಬಿಟ್ರು. ಮೊಟ್ಟೆಗೆ ಹೆದರಿ ಸಂಜೆ ಬೇಕರಿಲಿ ಎರಡು ಪಫ್ಸ್ ತಿನ್ನೋರನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಹುರುಳಿ, ಅಲಸಂದೆ, ಮೆಂತ್ಯ, ಓಟ್ಸ್ ಇವುಗಳ ನಾರು ಕರುಳಲ್ಲಿ ಪಿತ್ತರಸನ ಹಿಡ್ಕೊಂಡು ಹೊರಗೆ ಹೋಗುತ್ತೆ, ಲಿವರ್ ಮತ್ತೆ ಪಿತ್ತರಸ ಮಾಡ್ಬೇಕಲ್ಲ, ಅದಕ್ಕೆ ರಕ್ತದಿಂದ ಕೊಲೆಸ್ಟ್ರಾಲ್ ಎಳ್ಕೊಳುತ್ತೆ. ಹುರುಳಿ ಕಟ್ಟಿನ ಸಾರು ಮಾಡಿ, ಕಾಳು ಬಿಸಾಡ್ಬೇಡ್ರಿ.

ರಿಪೋರ್ಟಲ್ಲಿರೋ ಟ್ರೈಗ್ಲಿಸರೈಡ್ ಬೇರೆ, ಅದು ರಕ್ತದಲ್ಲಿರೋ ಇನ್ನೊಂದು ಜಾತಿ ಕೊಬ್ಬು. ಅದು ಹೆಚ್ಚೋದು ಸಕ್ಕರೆ, ಬಿಳಿ ಅಕ್ಕಿ, ಮೈದಾ, ಕುಡಿತದಿಂದ. ಅದು ಸಾವಿರದ ಹತ್ರ ಇದ್ರೆ ರಕ್ತನ ಸೆಂಟ್ರಿಫ್ಯೂಜ್ ಅನ್ನೋ ಮಷೀನಲ್ಲಿ ಗಿರಗಿರ ತಿರುಗಿಸಿ ತೆಗೆದಾಗ ಮೇಲೆ ನಿಲ್ಲೋ ನೀರಿನಂಥ ಭಾಗ, ಅಂದ್ರೆ ಸೀರಂ, ಹಾಲಿನ ಥರ ಬೆಳ್ಳಗಿರುತ್ತೆ, ಕಣ್ಣಿಗೇ ಗೊತ್ತಾಗುತ್ತೆ. ಎಲ್‌ಡಿಎಲ್ ಹಂಗಲ್ಲ. ಇನ್ನೂರು ಇದ್ರೂ ಸೀರಂ ತಿಳಿಯಾಗೇ ಇರುತ್ತೆ, ಟ್ಯೂಬ್ ಆಚೆ ಇಟ್ಟ ಅಕ್ಷರ ಓದಬಹುದು, ಮನುಷ್ಯನಿಗೂ ಒಳಗೆ ಏನೂ ಗೊತ್ತಾಗಲ್ಲ.

ನಮ್ಮಣ್ಣನಿಗೆ ಹಂಗೇ ಆಯ್ತು. ಸಣ್ಣಕೆ ಇದ್ದ, ಮಾಂಸ ಮುಟ್ಟಿದೋನಲ್ಲ, 41ಕ್ಕೆ ಮೊದಲನೇ ಅಟ್ಯಾಕ್. ಎಲ್‌ಡಿಎಲ್ 240 ಇತ್ತು. ಸ್ಟೆಂಟ್ ಹಾಕಿ, ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ಮಾತ್ರೆ ಜೊತೆಗಿನ್ನೊಂದು ಮಾತ್ರೆ ಕೊಟ್ರು. ಸ್ಟ್ಯಾಟಿನ್ ಕೆಲಸನೂ ಆ ಬಾಗಿಲಿಗೇ ಸೇರಿದ್ದು, ಲಿವರ್ ಒಳಗಿನ ಕೊಲೆಸ್ಟ್ರಾಲ್ ತಯಾರಿಕೆ ತಗ್ಗಿಸುತ್ತೆ, ಆಗ ಬಾಗಿಲು ಜಾಸ್ತಿ ಆಗ್ತವೆ. ಎಲ್‌ಡಿಎಲ್ 92ಕ್ಕೆ ಇಳೀತು. ರಿಪೋರ್ಟಲ್ಲಿ 100ರ ಒಳಗೆ ಸರಿ ಅಂತ ಪ್ರಿಂಟ್ ಇರುತ್ತಲ್ಲ, ಅದನ್ನ ನೋಡಿ ನಾರ್ಮಲ್ ಬಂತು ಅಂದ್ಕೊಂಡು ಮಾತ್ರೆ ನಿಲ್ಲಿಸಿಬಿಟ್ಟ. ಆ ಅಂಕಿ ಎಲ್ಲರಿಗೂ ಒಂದೇ ಅಲ್ಲ, ಅಟ್ಯಾಕ್ ಆದೋರಿಗೆ 70ಕ್ಕಿಂತಾದ್ರೂ ಕೆಳಗೆ ಬೇಕು, ಮತ್ತೆ ಮಾತ್ರೆ ಬಿಟ್ರೆ ಕೆಲವೇ ವಾರಕ್ಕೆ ವಾಪಸ್ ಏರುತ್ತೆ. ಆ ರಿಪೋರ್ಟ್ ಕೊಟ್ಟೋನು ನಾನೇ, ಕೂರಿಸ್ಕೊಂಡು ಇಷ್ಟು ಹೇಳಿರಲಿಲ್ಲ. ಎರಡು ವರ್ಷಕ್ಕೆ ಇನ್ನೊಂದು ಅಟ್ಯಾಕ್ ಆಯ್ತು, ಉಳೀಲಿಲ್ಲ.

ಎಲ್‌ಡಿಎಲ್ 190 ದಾಟಿದ್ರೆ ವಂಶದಲ್ಲೇ ಬಂದಿರಬಹುದು, ಹುಟ್ಟುತ್ತಲೇ ಬಾಗಿಲು ಕಡಿಮೆ ಇರ್ತವೆ, ತಂದೆಗೋ ತಾಯಿಗೋ ಇದ್ರೆ ಪ್ರತಿ ಮಗುಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ ಅಣ್ಣನ ಮಗನ್ನ ಲ್ಯಾಬಿಗೆ ಕರ್ಕೊಂಡು ಹೋದೆ, ಹತ್ತೊಂಬತ್ತು ವರ್ಷ, ಕಬಡ್ಡಿ ಆಡೋ ಹುಡುಗ. ಟ್ಯೂಬ್ ತಿರುಗಿಸಿ ಬೆಳಕಿಗೆ ಹಿಡಿದೆ, ಸೀರಂ ಕನ್ನಡಿ ಥರ ಇತ್ತು. ಮಷೀನ್ 211 ತೋರಿಸ್ತು. ಅವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋದೆ, ಈಗ ಆರು ವರ್ಷ, ರಾತ್ರಿ ಊಟ ಆದ್ಮೇಲೆ ಅವನಮ್ಮ ಮಾತ್ರೆ ಕೈಗೆ ಕೊಟ್ಟು ನುಂಗೋವರೆಗೂ ಅಲ್ಲೇ ನಿಂತಿರ್ತಾರೆ.