ಐವತ್ತು ಜನರ ಔತಣಕ್ಕೆ ಬಂದ ತೊಂಬತ್ತು ಅತಿಥಿಗಳು

ನಮಸ್ಕಾರ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಇದರ ಮೂಲ ಅಂತ ಹೇಳುವುದು 1621ರಲ್ಲಿ, ಇಂಗ್ಲೆಂಡಿನಿಂದ ಹೋದ ವಲಸಿಗರು ನೆಲೆಸಿದ್ದ ಪ್ಲಿಮತ್‌ನಲ್ಲಿ ನಡೆದ ಔತಣವನ್ನು. ಹಳೇ ಚಿತ್ರಗಳಲ್ಲಿ ನೋಡಿ, ಮೇಜಿನ ಸುತ್ತ ಇಂಗ್ಲಿಷ್ ವಲಸಿಗರೇ ಜಾಸ್ತಿ. ಮೂಲನಿವಾಸಿಗಳು ಪಕ್ಕದಲ್ಲಿ ಒಂದಿಷ್ಟು ಜನ. ನಡೆದದ್ದು ಇದಕ್ಕೆ ತದ್ವಿರುದ್ಧ.

[ಪರದೆಯ ಮೇಲೆ: ಮೇಫ್ಲವರ್ ಹಡಗು, 1620]

ಈ ವಲಸಿಗರು ಬಂದ ಮೇಫ್ಲವರ್ ಹಡಗಿನಲ್ಲಿ 102 ಪ್ರಯಾಣಿಕರಿದ್ದರು. ಮೊದಲ ಚಳಿಗಾಲದಲ್ಲೇ ಹತ್ತಿರ ಹತ್ತಿರ ಅರ್ಧದಷ್ಟು ಜನ ತೀರಿಕೊಂಡರು. ಗೃಹಿಣಿಯರಲ್ಲಿ ಬದುಕುಳಿದವರು ನಾಲ್ವರೇ. ಮೀನನ್ನು ಗೊಬ್ಬರವಾಗಿ ಹಾಕಿ ಮೆಕ್ಕೆಜೋಳ ಬೆಳೆಯುವುದನ್ನು ಇವರಿಗೆ ಕಲಿಸಿದವನು ಟಿಸ್ಕ್ವಾಂಟಮ್ ಅನ್ನುವ ಮೂಲನಿವಾಸಿ. ಪ್ಲಿಮತ್ ಎದ್ದಿದ್ದೇ ಅವನ ಊರಿನ ಜಾಗದಲ್ಲಿ! 1614ರಲ್ಲಿ ಇಂಗ್ಲಿಷ್ ಹಡಗಿನವನೊಬ್ಬ ಅವನನ್ನು ಹಿಡಿದು, ಮಾರುವುದಕ್ಕೆಂದು ಸ್ಪೇನ್‌ಗೆ ಒಯ್ದಿದ್ದ. ಅವನು ವಾಪಸ್ ಬರುವಷ್ಟರಲ್ಲಿ ರೋಗ ಬಡಿದು ಊರಿಗೆ ಊರೇ ಖಾಲಿಯಾಗಿತ್ತು.

[ಪರದೆಯ ಮೇಲೆ: ಕೈಬರಹದ ಪತ್ರ]

ಔತಣದ ಬಗ್ಗೆ, ಅದರಲ್ಲಿದ್ದವರೇ ಬರೆದದ್ದು ಅಂತ ನಮಗೆ ಸಿಕ್ಕಿರುವುದು ವಲಸಿಗರಲ್ಲೊಬ್ಬನಾದ ಎಡ್ವರ್ಡ್ ವಿನ್ಸ್ಲೊ 1621ರ ಡಿಸೆಂಬರ್‌ನಲ್ಲಿ ಬರೆದ ಪತ್ರದ ಕೆಲವೇ ಸಾಲು. ಸುಗ್ಗಿ ಮುಗಿದ ಮೇಲೆ ನಾಲ್ಕು ಜನ ಹಕ್ಕಿ ಬೇಟೆಗೆ ಹೋದರು. ಒಂದೇ ದಿನದಲ್ಲಿ ಹೆಚ್ಚುಕಡಿಮೆ ವಾರಕ್ಕಾಗುವಷ್ಟು ಹೊಡೆದು ತಂದರು. ಆಟೋಟದ ಜೊತೆ ಬಂದೂಕು ಹಾರಿಸುವ ಅಭ್ಯಾಸವೂ ನಡೆಯಿತು. ಆಗ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸೋಯಿಟ್ ಬಂದ, ಸುಮಾರು 90 ಜನರನ್ನು ಕರೆದುಕೊಂಡು. ವಲಸಿಗರಾಗಿಯೇ ಅವರನ್ನು ಕರೆದಿದ್ದರು ಅಂತ ಪತ್ರದಲ್ಲಿ ಎಲ್ಲೂ ಇಲ್ಲ.

ಲೆಕ್ಕ ಹಾಕಿ. ಊರವರು ಐವತ್ತು, ಬಂದವರು ತೊಂಬತ್ತು! ಮೂರು ದಿನ ಊಟ. ಅಡುಗೆಗೆ ಆ ನಾಲ್ವರು ಹೆಂಗಸರು, ಜೊತೆಗೆ ಮಕ್ಕಳು, ಕೆಲಸದವರು. ಇಷ್ಟು ಜನಕ್ಕೆ ಸಾಲುವುದು ಹೇಗೆ ಅಲ್ವಾ? ಬಂದವರೇ ಕಾಡಿಗೆ ಹೋಗಿ ಐದು ಜಿಂಕೆ ಹೊಡೆದು ತಂದರು. ಗವರ್ನರ್‌ಗೆ, ಕ್ಯಾಪ್ಟನ್‌ಗೆ, ಉಳಿದವರಿಗೆ ಕೊಟ್ಟರು. ನನ್ನ ಪ್ರಕಾರ ಇಡೀ ಪತ್ರದಲ್ಲಿ ದೊಡ್ಡ ಮಾತು ಇದೇ. ಇವತ್ತು ಹಬ್ಬದ ಗುರುತಾಗಿರುವ ಟರ್ಕಿ ಕೋಳಿಯ ಹೆಸರು ಅಲ್ಲಿಲ್ಲ, ಜಿಂಕೆಯ ಲೆಕ್ಕ ಮಾತ್ರ ಸರಿಯಾಗಿದೆ.

[ಪರದೆಯ ಮೇಲೆ: 1841, 1863]

ಆಮೇಲೆ ಈ ಔತಣ ಮರೆತೇಹೋಗಿತ್ತು. 1841ರಲ್ಲಿ ಅಲೆಕ್ಸಾಂಡರ್ ಯಂಗ್ ಅನ್ನುವ ಪಾದ್ರಿ ಆ ಪತ್ರವನ್ನು ಅಚ್ಚು ಹಾಕಿಸುವಾಗ, ಇದೇ ಮೊದಲ ಥ್ಯಾಂಕ್ಸ್‌ಗಿವಿಂಗ್ ಅಂತ ಅಡಿಟಿಪ್ಪಣಿ ಸೇರಿಸಿದ. 1863ರಲ್ಲಿ ಲಿಂಕನ್ ಇಡೀ ದೇಶಕ್ಕೆ ಹಬ್ಬ ಘೋಷಿಸಿದಾಗ ಪ್ಲಿಮತ್‌ನ ಪ್ರಸ್ತಾಪವೇ ಇರಲಿಲ್ಲ.

ಮ್ಯಾಸಸೋಯಿಟ್‌ನ ಮಗ ಮೆಟಕಾಮ್ 1676ರಲ್ಲಿ ಇದೇ ವಲಸಿಗರ ಜೊತೆಗಿನ ಯುದ್ಧದಲ್ಲಿ ಸತ್ತ. 1970ರಿಂದ ವಾಂಪನೋಗ್ ಜನ ಮತ್ತು ಬೇರೆ ಮೂಲನಿವಾಸಿಗಳು ಥ್ಯಾಂಕ್ಸ್‌ಗಿವಿಂಗ್ ದಿನವೇ ಪ್ಲಿಮತ್‌ನಲ್ಲಿ ಸೇರಿ ಶೋಕದಿನ ಆಚರಿಸುತ್ತಾರೆ.