ಪೈಪಿನ ಸಬ್‌ಮರೀನ್: ಮುಳುಗದೆ, ತೇಲದೆ ನಿಲ್ಲುವ ತನಕ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಶಿರಾ ಹತ್ತಿರ ಇರುವ ನಮ್ಮ ಮಾವನ ತೋಟ. ಈ ಸಿಮೆಂಟ್ ತೊಟ್ಟಿ ದನಗಳಿಗೆ ನೀರು ಕುಡಿಸಲು ಕಟ್ಟಿದ್ದು. ಅದರೊಳಗೆ ಉದ್ದಕ್ಕೆ ಮಲಗಿದೆಯಲ್ಲ, ಕಪ್ಪು ಬಣ್ಣದ್ದು, ಅದು ನನ್ನ ಎಂಟು ತಿಂಗಳ ಕೆಲಸ. ರಿಮೋಟ್‌ನಿಂದ ಓಡುವ ಸಬ್‌ಮರೀನ್. ಕಿಟ್ ತರಿಸಿ ಜೋಡಿಸಿದ್ದಲ್ಲ. ಪೈಪು, ಸಿರಿಂಜು, ರೆಸಿನ್ನು, ಸೀಸದ ಗುಂಡು, ಹೀಗೆ ಒಂದೊಂದೇ ತಂದು ಕಟ್ಟಿದ್ದು.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಸಬ್‌ಮರೀನ್ ಮುಳುಗಿಸುವುದು ಏನೂ ಕಷ್ಟವಲ್ಲ. ಕಲ್ಲು ಕಟ್ಟಿದರೆ ಯಾವುದಾದರೂ ಮುಳುಗುತ್ತದೆ. ನೀರಿನ ನಡುವೆ ನಿಲ್ಲಿಸುವುದು ಕಷ್ಟ. ಮೇಲಕ್ಕೂ ಬರಬಾರದು, ಕೆಳಕ್ಕೂ ಇಳಿಯಬಾರದು, ಮೋಟರ್ ನಿಲ್ಲಿಸಿದರೂ ಅಲ್ಲೇ ಇರಬೇಕು. ಈ ಎಂಟು ತಿಂಗಳು ನಾನು ಬೆನ್ನು ಹತ್ತಿದ್ದು ಅದೊಂದನ್ನೇ.

ಇದು ಯಾವ ಸಬ್‌ಮರೀನ್ ಅಂತ ಕೆಲವರಿಗೆ ಗೊತ್ತಾಗಿರಬಹುದು. ವಿಶಾಖಪಟ್ಟಣದ ಆರ್.ಕೆ. ಬೀಚ್‌ನಲ್ಲಿ ಮರಳ ಮೇಲೆ ನಿಂತಿದೆಯಲ್ಲ, ಐಎನ್‌ಎಸ್ ಕುರ್ಸುರಾ. ಅದೇ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, ಫಾಕ್ಸ್‌ಟ್ರಾಟ್ ಅನ್ನುವ ಜಾತಿಯದು. 1969ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆ ಸೇರಿತು, 2001ರಲ್ಲಿ ನಿವೃತ್ತಿಯಾಯಿತು, ಮರುವರ್ಷವೇ ಮ್ಯೂಸಿಯಂ ಆಯಿತು. ಕಾಲೇಜಿನಲ್ಲಿದ್ದಾಗ ಟೂರ್ ಹೋಗಿ ಒಳಗೆ ಹೊಕ್ಕಿದ್ದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿ. ಮೊದಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಇನ್ನೊಂದು ಕಾಲು. ಎಲ್ಲಿ ನೋಡಿದರೂ ಚಕ್ರ, ವಾಲ್ವ್, ಪೈಪು. ಜೊತೆಗಿದ್ದವರೆಲ್ಲ ಹೊರಗೆ ಬಂದು ಸಮುದ್ರದ ಕಡೆ ಹೋದರು. ನಾನು ಇನ್ನೊಂದು ಟಿಕೆಟ್ ತೆಗೆದುಕೊಂಡು ಮತ್ತೆ ಒಳಗೆ ಹೋದೆ.

ಕುರ್ಸುರಾದ ಉದ್ದ 91.3 ಮೀಟರ್, ಅಗಲ 7.5 ಮೀಟರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪಿವಿಸಿ ಪೈಪಿನ ಹೊರ ಅಳತೆ 110 ಮಿಲಿಮೀಟರ್. ಆ ಅಗಲಕ್ಕೆ ತಕ್ಕ ಹಾಗೆ ಉದ್ದ ಲೆಕ್ಕ ಹಾಕಿದರೆ 1 ಮೀಟರ್ 34 ಸೆಂಟಿಮೀಟರ್ ಬರುತ್ತದೆ. ಅಂದರೆ ನಿಜವಾದದ್ದರ 68ನೇ ಒಂದು ಭಾಗ. ಬೈಕ್ ಮೇಲೆ ಹಿಂದೆ ಕೂತವರು ಹಿಡಿದುಕೊಂಡು ಬರುವಷ್ಟು ಉದ್ದ. ಹಾಗಾಗಿ ಅಳತೆಯನ್ನು ನಾನು ಆರಿಸಲಿಲ್ಲ, ಪೈಪೇ ಆರಿಸಿಕೊಟ್ಟಿತು.

ಈಗ ಮುಚ್ಚಳ ತೆಗೆದು ತೋರಿಸುತ್ತೇನೆ. ನೋಡಿ, ಹೊರಗಿನ ಪೈಪಿನ ಒಳಗೆ ನೀರು ಸರಾಗವಾಗಿ ನುಗ್ಗುತ್ತದೆ. ತಳದಲ್ಲಿ ಬೇಕಂತಲೇ ತೂತು ಕೊರೆದಿದ್ದೇನೆ. ಹೊರ ಮೈ ಬರೀ ಆಕಾರಕ್ಕೆ. ನೀರು ಹೋಗಬಾರದ ಜಾಗ ಅಂದರೆ ಒಳಗಿರುವ ಈ ಪಾರದರ್ಶಕ ಅಕ್ರಿಲಿಕ್ ಕೊಳವೆ ಮಾತ್ರ. ಅಡ್ಡಳತೆ 75 ಮಿಲಿಮೀಟರ್, ಉದ್ದ ಅರ್ಧ ಮೀಟರ್. ಬ್ಯಾಟರಿ, ಮೋಟರ್, ಚುಕ್ಕಾಣಿ ಆಡಿಸುವ ಪುಟ್ಟ ಮೋಟರ್ ಅಂದರೆ ಸರ್ವೋ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ಎಲ್ಲವೂ ಇದರೊಳಗೆ. ನಿಜವಾದ ಫಾಕ್ಸ್‌ಟ್ರಾಟ್‌ಗೂ ಹೀಗೇ ಎರಡು ಮೈ. ಒಳಗಿನದು ಒತ್ತಡ ತಡೆಯುವ ಗಟ್ಟಿ ಉಕ್ಕಿನದು. ಹೊರಗಿನದಕ್ಕೂ ಒಳಗಿನದಕ್ಕೂ ನಡುವೆ ನೀರಿನ ಟ್ಯಾಂಕುಗಳು.

ಕೊಳವೆಗೆ ಪಿವಿಸಿ ಬದಲು ಅಕ್ರಿಲಿಕ್ ಯಾಕೆ? ಒಳಗೆ ಒಂದು ಹನಿ ನೀರು ಬಂದರೂ ಕಣ್ಣಿಗೆ ಬೀಳಲಿ ಅಂತ. ದುಡ್ಡು ಜಾಸ್ತಿಯಾಯಿತು, ಆದರೆ ಅದನ್ನು ಯೋಚಿಸಿಯೇ ಖರ್ಚು ಮಾಡಿದೆ.

ಎರಡು ತುದಿಗೂ ಮುಚ್ಚಳ, ಒಂದೊಂದಕ್ಕೂ ನೀರು ತಡೆಯುವ ಎರಡೆರಡು ರಬ್ಬರ್ ಬಳೆ, ಅಂದರೆ ಓ-ರಿಂಗ್, ಮೇಲೆ ತೆಳ್ಳಗೆ ಸಿಲಿಕೋನ್ ಗ್ರೀಸ್. ಒಂದು ಮೀಟರ್ ಆಳ ಅಂದರೆ ಸುಮ್ನೆ ಅಂತ ಅನಿಸುತ್ತದೆ ಅಲ್ವಾ? ಆ ಆಳದಲ್ಲಿ ಒಂದು ಚದರ ಸೆಂಟಿಮೀಟರ್ ಮೇಲೆ 100 ಗ್ರಾಂ ಭಾರ. ಈ ಮುಚ್ಚಳದ ವಿಸ್ತೀರ್ಣ 44 ಚದರ ಸೆಂಟಿಮೀಟರ್. ಲೆಕ್ಕ ಹಾಕಿದರೆ 4.4 ಕೆ.ಜಿ. ಒತ್ತಿದ ಹಾಗೆ. ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಬರುವ ತೂತು, ಚುಕ್ಕಾಣಿಯ ಕಡ್ಡಿ ಹೊರಗೆ ಬರುವ ತೂತು, ಇವೆರಡೇ ನಿಜವಾದ ತಲೆನೋವು. ಶಾಫ್ಟ್ ಹಿತ್ತಾಳೆಯ ಕೊಳವೆಯೊಳಗೆ ತಿರುಗುತ್ತದೆ, ಕೊಳವೆಯ ತುಂಬ ಗ್ರೀಸ್, ಕೊನೆಯಲ್ಲಿ ಸೀಲ್. ಕಡ್ಡಿಗಳಿಗೆ ರಬ್ಬರಿನ ಮಡಿಕೆ ಚೀಲ ಹಾಕಿದೆ. ಕುರ್ಸುರಾಗೆ ಮೂರು ಪ್ರೊಪೆಲ್ಲರ್. ನನ್ನದಕ್ಕೂ ಮೂರಿದೆ, ಆದರೆ ಮೋಟರ್ ಇರುವುದು ನಡುವಿನದಕ್ಕೆ ಮಾತ್ರ. ಮೂರು ಶಾಫ್ಟ್ ಅಂದರೆ ಮೂರು ತೂತು, ಅಷ್ಟು ಧೈರ್ಯ ಬರಲಿಲ್ಲ.

ಇನ್ನು ಮುಳುಗಿಸುವ ಯಂತ್ರ. ಈ ಪೆಟ್ಟಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. 60 ಎಂ.ಎಲ್.ನ ನಾಲ್ಕು ಸಿರಿಂಜ್. ನಡುವೆ ತಿರುಪಿನ ಸುತ್ತು ಕೊರೆದ ಉದ್ದನೆ ಬೋಲ್ಟ್. ಸಣ್ಣ ಗೇರ್ ಮೋಟರ್ ಬೋಲ್ಟ್ ತಿರುಗಿಸಿದರೆ ಈ ಅಲ್ಯೂಮಿನಿಯಂ ಪ್ಲೇಟ್ ಹಿಂದಕ್ಕೆ ಸರಿಯುತ್ತದೆ. ಪ್ಲೇಟ್ ಜೊತೆ ನಾಲ್ಕೂ ಪಿಸ್ಟನ್ ಹಿಂದಕ್ಕೆ ಬರುತ್ತವೆ, ಹೊರಗಿನ ನೀರು ಸಿರಿಂಜಿನೊಳಗೆ ಬರುತ್ತದೆ, ದೋಣಿ ಭಾರವಾಗುತ್ತದೆ. ಉಲ್ಟಾ ತಿರುಗಿಸಿದರೆ ನೀರು ಹೊರಗೆ. ನಿಜವಾದ ಸಬ್‌ಮರೀನ್ ಒತ್ತಿ ತುಂಬಿದ ಗಾಳಿಯಿಂದ ಟ್ಯಾಂಕಿನ ನೀರನ್ನು ಹೊರಗೆ ದಬ್ಬುತ್ತದೆ. ನಾನು ಆ ಕೆಲಸವನ್ನು ಪಿಸ್ಟನ್‌ಗೆ ಕೊಟ್ಟಿದ್ದೇನೆ.

ಇದರಲ್ಲಿ ನನಗೆ ತುಂಬ ಇಷ್ಟವಾದ ಒಂದು ವಿಷಯ ಇದೆ. ಪಿಸ್ಟನ್ ಹಿಂದಕ್ಕೆ ಬಂದಾಗ ಕೊಳವೆಯೊಳಗಿನ ಗಾಳಿಗೆ ಜಾಗ ಕಡಿಮೆಯಾಗುತ್ತದೆ. ಗಾಳಿ ಒತ್ತಿಕೊಳ್ಳುತ್ತದೆ. ಅಂದರೆ ದೋಣಿ ಮುಳುಗುವಾಗ ಒಳಗಿನ ಒತ್ತಡ ಹೊರಗಿನದಕ್ಕಿಂತ ಜಾಸ್ತಿ. ಎಲ್ಲಾದರೂ ಸೀಲ್ ಸಡಿಲವಾಗಿದ್ದರೆ ನೀರು ಒಳಗೆ ನುಗ್ಗುವ ಮೊದಲು ಗಾಳಿ ಹೊರಗೆ ಬರುತ್ತದೆ. ತೊಟ್ಟಿಯಲ್ಲಿ ಮೊದಲ ದಿನ ಹಿಂದಿನ ಮುಚ್ಚಳದ ಹತ್ತಿರ ಗುಳ್ಳೆಗಳ ಸಾಲು ಎದ್ದಿತು. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆ. ಎಲ್ಲಿ ಸೋರುತ್ತಿದೆ ಅಂತ ದೋಣಿಯೇ ಬೆರಳಿಟ್ಟು ತೋರಿಸಿದ ಹಾಗಾಯಿತು. ಒಳಗೆ ಒಂದು ಹನಿಯೂ ಬಂದಿರಲಿಲ್ಲ.

ಆದರೆ ಈ ನಾಲ್ಕು ಸಿರಿಂಜ್ ಮೊದಲು ಸಾಕಾಗುತ್ತಿರಲಿಲ್ಲ. ಇಲ್ಲಿ ಎರಡು ತಿಂಗಳು ಹೋಯಿತು. ನೀವು ಕಟ್ಟುವುದಾದರೆ ಈ ಭಾಗ ಗಮನವಿಟ್ಟು ಕೇಳಿ.

ದೋಣಿ ಮೇಲೆ ತೇಲುವಾಗ ಅದರ ಬೆನ್ನು, ಬೆನ್ನ ಮೇಲೆ ಎದ್ದು ನಿಂತ ಗೋಪುರ ನೀರಿನಿಂದ ಹೊರಗಿರುತ್ತವೆ. ಪೂರ್ತಿ ಮುಳುಗಿದಾಗ ಅವೂ ನೀರನ್ನು ಪಕ್ಕಕ್ಕೆ ಸರಿಸುತ್ತವೆ. ಹಾಗೆ ಸರಿಸಿದ ನೀರಿನಷ್ಟೇ ನೀರನ್ನು ಸಿರಿಂಜ್ ಒಳಗೆ ಎಳೆದುಕೊಳ್ಳಬೇಕು. ಟೊಳ್ಳು ಜಾಗ ಲೆಕ್ಕಕ್ಕೆ ಬರುವುದಿಲ್ಲ, ಅದರೊಳಗೆ ನೀರು ತುಂಬಿರುತ್ತದೆ. ಲೆಕ್ಕಕ್ಕೆ ಬರುವುದು ಪ್ಲಾಸ್ಟಿಕ್‌ನ ಗಾತ್ರ ಮಾತ್ರ. ನನ್ನ ಹೊರ ಪೈಪಿನ ಗೋಡೆಯ ದಪ್ಪ 2.2 ಮಿಲಿಮೀಟರ್. ನೀರಿನ ಮೇಲಿರುವ ಕಾಲು ಭಾಗದ ಪೈಪು, ಗೋಪುರ ಎಲ್ಲ ಸೇರಿ ಹತ್ತಿರ ಹತ್ತಿರ 300 ಎಂ.ಎಲ್. ನಾಲ್ಕು ಸಿರಿಂಜಿನಲ್ಲಿ ಹಿಡಿಯುವುದು 240. ದೋಣಿ ಬೆನ್ನು ತೋರಿಸುತ್ತಾ ಅರ್ಧಂಬರ್ಧ ಮುಳುಗಿ ನಿಂತುಬಿಡುತ್ತಿತ್ತು.

ಇನ್ನೆರಡು ಸಿರಿಂಜ್ ಹಾಕೋಣ ಅಂದರೆ ಕೊಳವೆಯಲ್ಲಿ ಜಾಗ ಇಲ್ಲ. ಕೊನೆಗೆ ಪೈಪಿನ ಬೆನ್ನನ್ನೇ ಕತ್ತರಿಸಿ ತೆಗೆದೆ. ಅದೇ ಪೈಪಿನ ಇನ್ನೊಂದು ತುಂಡಿಗೆ ಮೇಣ ಹಚ್ಚಿ, ಅದರ ಮೇಲೆ ಗ್ಲಾಸ್ ಫೈಬರ್ ಬಟ್ಟೆ ಹಾಸಿ ಎಪಾಕ್ಸಿ ಅನ್ನುವ, ಒಣಗಿದರೆ ಗಟ್ಟಿಯಾಗುವ ರೆಸಿನ್ ಬಳಿದೆ. ಗಟ್ಟಿಯಾದ ಮೇಲೆ ಕಿತ್ತು ತೆಗೆದರೆ ಅದೇ ಬಾಗು ಇರುವ ಚಿಪ್ಪು, ದಪ್ಪ ಒಂದೇ ಮಿಲಿಮೀಟರ್. 300 ಇದ್ದದ್ದು 155 ಎಂ.ಎಲ್.ಗೆ ಇಳಿಯಿತು. ಮುಂದಿನ ಮೂತಿಯನ್ನೂ ಹೀಗೇ ಮಾಡಿದ್ದು, ಥರ್ಮಕೋಲ್ ಕೆತ್ತಿ ಅದರ ಮೇಲೆ ಫೈಬರ್ ಹಾಸಿ. ಒಂದು ಎಚ್ಚರಿಕೆ: ಪಾಲಿಯೆಸ್ಟರ್ ರೆಸಿನ್ ಥರ್ಮಕೋಲನ್ನು ಕರಗಿಸಿಬಿಡುತ್ತದೆ, ಎಪಾಕ್ಸಿ ಕರಗಿಸುವುದಿಲ್ಲ. ಕೊಳ್ಳುವಾಗ ಡಬ್ಬದ ಮೇಲೆ ಓದಿ.

ಈಗ ರೇಡಿಯೋ. ಇವತ್ತು ಡ್ರೋನ್, ಕಾರು, ವಿಮಾನ ಎಲ್ಲದಕ್ಕೂ 2.4 ಗಿಗಾಹರ್ಟ್ಸ್ ರಿಮೋಟ್. ಅದು ನೀರಿನೊಳಗೆ ಬರುವುದಿಲ್ಲ. ನಾನೇ ಪರೀಕ್ಷೆ ಮಾಡಿದೆ. ರಿಸೀವರ್‌ಗೆ ಒಂದು ಎಲ್‌ಇಡಿ ಕಟ್ಟಿ, ಡಬ್ಬಿಯಲ್ಲಿ ಮುಚ್ಚಿ, ನೀರಿನ ಡ್ರಮ್ಮಿಗೆ ಇಳಿಸಿದೆ. ಒಂದು ಗೇಣು ಇಳಿಯುವಷ್ಟರಲ್ಲಿ ದೀಪ ಆರಿತು. ಸೆಕೆಂಡಿಗೆ ತರಂಗದ ಕಂಪನ ಹೆಚ್ಚಿದಷ್ಟೂ ನೀರು ಅದನ್ನು ಬೇಗ ನುಂಗಿಬಿಡುತ್ತದೆ. ಆಮೇಲೆ ಹಳೆಯ 27 ಮೆಗಾಹರ್ಟ್ಸ್ ಸೆಟ್ ಒಂದು ಸಿಕ್ಕಿತು. ಉದ್ದನೆಯ ಆಂಟೆನಾ ಎಳೆಯುವಂಥದ್ದು. ಡ್ರಮ್ಮಿನ ತಳ ಮುಟ್ಟಿದರೂ ದೀಪ ಉರಿಯುತ್ತಲೇ ಇತ್ತು. ಸಿಹಿನೀರಾದ್ದರಿಂದ ಇದು ನಡೆಯುತ್ತದೆ. ಸಮುದ್ರದ ಉಪ್ಪುನೀರಿನಲ್ಲಿ ಈ ಸೆಟ್ ಕೂಡ ಕೈಕೊಡುತ್ತದೆ.

ಹಾಗಾದರೆ ನೌಕಾಪಡೆ ಏನು ಮಾಡುತ್ತದೆ? ತಮಿಳುನಾಡಿನ ತಿರುನೆಲ್ವೇಲಿ ಜಿಲ್ಲೆಯಲ್ಲಿ ಐಎನ್‌ಎಸ್ ಕಟ್ಟಬೊಮ್ಮನ್ ಅನ್ನುವ ಕೇಂದ್ರ ಇದೆ. ಅಲ್ಲಿನ ಎತ್ತರದ ಟವರ್‌ಗಳಿಂದ ನೀರಿನೊಳಗಿರುವ ಸಬ್‌ಮರೀನ್‌ಗಳಿಗೆ ಸಂದೇಶ ಹೋಗುತ್ತದೆ. ಕಂಪನ 18.2 ಕಿಲೋಹರ್ಟ್ಸ್. ಒಂದೊಂದು ಅಲೆಯ ಉದ್ದವೇ 16 ಕಿಲೋಮೀಟರ್‌ಗಿಂತ ಜಾಸ್ತಿ. ಡ್ರಮ್ಮಿನ ಮುಂದೆ ಕೂತು ಇದನ್ನು ಯೋಚಿಸಿದಾಗ ನನಗೆ ಮೈ ಜುಮ್ ಅಂದಿತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ ಆರ್ಡುಯಿನೋ ನ್ಯಾನೋ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್ ರಿಸೀವರ್ ಹಿಂದೆ ಕೂತಿದೆ. ಅದಕ್ಕೆ ಮೂರು ಕೆಲಸ. ದೋಣಿಯ ಮೂತಿ ಮೇಲಕ್ಕೋ ಕೆಳಕ್ಕೋ ವಾಲಿದರೆ ಹಿಂದಿನ ರೆಕ್ಕೆ ಆಡಿಸಿ ಸಮ ಮಾಡುವುದು. ಕೊಳವೆಯ ತಳದಲ್ಲಿರುವ ಎರಡು ತಂತಿಗೆ ನೀರು ತಾಗಿದರೆ ಗೊತ್ತುಮಾಡಿಕೊಳ್ಳುವುದು. ಮೂರು ಸೆಕೆಂಡ್ ಸಿಗ್ನಲ್ ಬರದಿದ್ದರೆ ಮೋಟರ್ ನಿಲ್ಲಿಸಿ ಸಿರಿಂಜ್ ಖಾಲಿ ಮಾಡುವುದು. ಕೊನೆಯದು ಇಲ್ಲದೆ ದಯವಿಟ್ಟು ನೀರಿಗೆ ಇಳಿಸಬೇಡಿ.

ತೊಟ್ಟಿಯಲ್ಲಿ ತೂಕ ಹೊಂದಿಸಲು ಮೂರು ಭಾನುವಾರ ಬೇಕಾಯಿತು. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ದೋಣಿಯ ತಳದಲ್ಲಿ ಇಟ್ಟೆ, ಫೋಮ್ ತುಂಡುಗಳನ್ನು ಮೇಲೆ ಇಟ್ಟೆ. ಭಾರ ಕೆಳಗೆ, ತೇಲುವುದು ಮೇಲೆ. ಅದು ಉಲ್ಟಾ ಆದರೆ ದೋಣಿ ಮಗುಚಿಕೊಳ್ಳುತ್ತದೆ. ಒಂದು ಗುಂಡನ್ನು ಎರಡು ಬೆರಳು ಹಿಂದಕ್ಕೆ ಸರಿಸಿದರೆ ಮೂತಿ ಏಳುತ್ತಿತ್ತು. ಒಂದು ಬೆರಳು ಮುಂದಕ್ಕೆ ತಂದರೆ ಮತ್ತೆ ಇಳಿಯುತ್ತಿತ್ತು. ಮಾವನ ಮೊಮ್ಮಗಳು ಪಕ್ಕದಲ್ಲಿ ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ಇಟ್ಟು, ಸಮ ಆಯಿತೋ ಇಲ್ಲವೋ ಹೇಳುತ್ತಿದ್ದಳು. ಅವಳ ಕಣ್ಣು ನನ್ನದಕ್ಕಿಂತ ಚುರುಕು.

ಆಮೇಲೆ ಕೃಷಿ ಹೊಂಡ. ಮೂರು ಮೀಟರ್ ಆಳ, ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ. ಇಂಥ ಹೊಂಡದ ಅಂಚು ಪಾಚಿ ಹಿಡಿದು ಜಾರುತ್ತದೆ. ಒಳಗೆ ಬಿದ್ದರೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ನಾವು ಬೇಲಿಯ ಕಂಬಕ್ಕೆ ಹಗ್ಗ ಕಟ್ಟಿ, ಲೈಫ್ ಜಾಕೆಟ್ ಹಾಕಿಕೊಂಡು, ದೊಡ್ಡವರು ಇಬ್ಬರು ಇದ್ದಾಗ ಮಾತ್ರ ಇಳಿಸಿದೆವು. ಮಕ್ಕಳನ್ನು ಬೇಲಿಯ ಹೊರಗೆ ನಿಲ್ಲಿಸಿದೆವು.

ಮೊದಲ ಸಲ ಒಂದು ಮೀಟರ್ ಇಳಿಯಿತು. ಮೇಲೆ ಬರಲು ರಿಮೋಟಿನಲ್ಲಿ ಸಿರಿಂಜ್ ನಡೆಸುವ ಸ್ಲೈಡರ್ ಎಳೆದೆ, ಬರಲಿಲ್ಲ. ಟ್ರಾನ್ಸ್‌ಮಿಟರ್ ಆಫ್ ಮಾಡಿದೆ. ಮೂರು ಸೆಕೆಂಡ್, ಹತ್ತು ಸೆಕೆಂಡ್, ಒಂದು ನಿಮಿಷ. ಕಾಣುವುದೂ ನಿಂತಿತು. ಬಾಲಕ್ಕೆ ಕಟ್ಟಿದ್ದ ನೈಲಾನ್ ದಾರ ಹಿಡಿದು ನಿಧಾನಕ್ಕೆ ಎಳೆದುಕೊಂಡೆ. ಎದೆ ಹೊಡೆದುಕೊಳ್ಳುತ್ತಿತ್ತು. ಬಿಚ್ಚಿ ನೋಡಿದರೆ ಸಿರಿಂಜಿನ ಪ್ಲೇಟ್ ಓರೆಯಾಗಿ ಸಿಕ್ಕಿಕೊಂಡಿತ್ತು. ಒಂದು ಪಿಸ್ಟನ್ ಬಿಗಿ, ಮೂರು ಸಡಿಲ. ನಾಲ್ಕನ್ನೂ ಒಂದೇ ಬೋಲ್ಟ್ ತಳ್ಳಿದರೆ ಪ್ಲೇಟ್ ವಾಲದೆ ಇರುತ್ತದೆಯೇ? ಎರಡು ಪಕ್ಕಕ್ಕೂ ನುಣುಪಾದ ಸ್ಟೀಲ್ ಕಡ್ಡಿ ಕೊಟ್ಟು, ಪ್ಲೇಟ್ ಅದರ ಮೇಲೆ ಜಾರುವ ಹಾಗೆ ಮಾಡಿದೆ. ಆಮೇಲೆ ಒಮ್ಮೆಯೂ ಸಿಕ್ಕಿಕೊಂಡಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಏಳಕ್ಕೆ ಇಳಿಸಿದೆವು. ಹೊಂಡದ ನೀರು 22 ಡಿಗ್ರಿ. ಸ್ಲೈಡರನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ, ದೋಣಿ ನೀರಿನೊಳಗೆ ನಿಂತ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದೆ. ಖುಷಿಯಾಗಿ ತಿಂಡಿಗೆ ಹೋದೆವು. ಮಧ್ಯಾಹ್ನ ಮತ್ತೆ ಇಳಿಸಿ ಅದೇ ಗುರುತಿಗೆ ತಂದರೆ ದೋಣಿ ನಿಲ್ಲದೆ ಇಳಿಯತೊಡಗಿತು. ಸೋರಿಕೆ ಅಂದುಕೊಂಡು ಬಿಚ್ಚಿದೆ, ಒಳಗೆ ಒಣಗಿದೆ. ಮತ್ತೆ ಥರ್ಮಾಮೀಟರ್ ಅದ್ದಿದೆ. ಮೇಲಿನ ನೀರು 28 ಡಿಗ್ರಿ.

ಅಷ್ಟೇ ಕಾರಣ. 22 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನ ತೂಕ 997.8 ಗ್ರಾಂ. 28 ಡಿಗ್ರಿಯಲ್ಲಿ 996.2 ಗ್ರಾಂ. ನನ್ನ ದೋಣಿ ಮುಳುಗಿದಾಗ ಸರಿಸುವುದು 3.2 ಲೀಟರ್. ವ್ಯತ್ಯಾಸ 5 ಗ್ರಾಂ, ಒಂದು ಚಮಚ ಸಕ್ಕರೆಯಷ್ಟು. ಅಷ್ಟು ಸಾಕಾಯಿತು.

ಗುರುತನ್ನು ಬದಲಿಸದೆ ಮತ್ತೆ ಇಳಿಸಿದೆ, ಈ ಸಲ ಗೋಪ್ರೋ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ನೀರಿನೊಳಗೆ ಇಟ್ಟುಕೊಂಡು. ದೋಣಿ ನಿಧಾನವಾಗಿ ಇಳಿಯುತ್ತದೆ. ಕೆಳಗೆ ಬೆಳಗಿನ ತಣ್ಣನೆ ನೀರು ಇನ್ನೂ ಹಾಗೇ ಇದೆ, ಅದು ಭಾರ. ಬಿಸಿ ನೀರೂ ತಣ್ಣೀರೂ ಕೂಡುವ ಮಟ್ಟಕ್ಕೆ ಬಂದಾಗ ದೋಣಿ ತಾನಾಗಿಯೇ ನಿಂತಿತು. ನಾನು ಏನನ್ನೂ ಮುಟ್ಟಿಲ್ಲ, ಮೋಟರ್ ಆಫ್ ಇದೆ. ನಿಜವಾದ ಸಬ್‌ಮರೀನ್‌ಗಳೂ ಸಮುದ್ರದಲ್ಲಿ ಇಂಥ ಪದರ ಹುಡುಕಿ ಅದರ ಮೇಲೆ ಸದ್ದಿಲ್ಲದೆ ಕೂರುತ್ತವೆ. ಕುರ್ಸುರಾದ ಒಳಗೆ ಇದ್ದವರಿಗೆ ಇದು ಚೆನ್ನಾಗಿ ಗೊತ್ತಿದ್ದಿರಬೇಕು.

ಮುಂದಿನ ನಲವತ್ತು ಸೆಕೆಂಡಿಗೆ ನಾನು ಮಾತು ಹಾಕಿಲ್ಲ, ಮ್ಯೂಸಿಕ್ ಕೂಡ ಹಾಕಿಲ್ಲ. ಎಡಗಡೆಯಿಂದ ಒಂದು ಕಪ್ಪೆ ಬಂದು ಗೋಪುರದ ಮುಂದೆ ಹಾದುಹೋಗುತ್ತದೆ. ನೋಡಿ.